ಕೇಳದೆ ಒಯ್ದ ಮೋಟಾರು

ಕಲ್ಯಾಣ, ಬೀದರ ಜಿಲ್ಲೆ
ಭಾನುವಾರ, ೧೨ ಫೆಬ್ರುವರಿ ೧೯೫೦

ಚಿ. ಸೌ. ಶಕುಂತಲೆಗೆ,

ಅನೇಕ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಬೆಳಗಾವಿಯಲ್ಲಿ ನೀನೂ ಅಳಿಯಂದಿರೂ ಮಗುವೂ ಕ್ಷೇಮವೆಂದು ನಂಬಿದ್ದೇನೆ. ಸಂಕ್ರಾಂತಿಗೆ ನೀನು ಕಳುಹಿಸಿದ ಕುಸುರೆಳ್ಳಿನ ಪೊಟ್ಟಣ ತಲುಪಿತು. ಅದರೊಳಗೆ ಮಡಿಚಿಟ್ಟಿದ್ದ ಪತ್ರವೂ ತಲುಪಿತು. ಎಳ್ಳು ಸಿಹಿಯಾಗಿತ್ತು, ಪತ್ರ ಹಾಗಿರಲಿಲ್ಲ. ಉತ್ತರ ಇಷ್ಟು ತಡವಾದುದಕ್ಕೆ ಕ್ಷಮಿಸು. ವಿಚಾರಣೆಯಲ್ಲಿರುವ ವಿಷಯದ ಬಗ್ಗೆ ತೀರ್ಪಿಗೆ ಮುನ್ನ ಒಂದಕ್ಷರವನ್ನೂ ಬರೆಯಬಾರದೆಂಬ ನಿಯಮವನ್ನು ನಾನು ಸ್ವಂತ ಮಗಳಿಗಾಗಿಯೂ ಸಡಿಲಿಸಲಾರೆನಾದೆ.

ನಿನ್ನ ತಾಯಿಯ ಮೊಣಕಾಲಿನ ನೋವು ಚಳಿಯೊಡನೆ ಇಳಿಯುತ್ತಿದೆ. ಅದನ್ನು ಕೇಳಿ ಮರುಗುವ ನೆರೆಯವರು ತೊಗರಿಯ ರಾಶಿಗೆ ಹೋಗಿ ಮನೆಗೆ ಬರುವುದು ಕಡಿಮೆಯಾದದ್ದೇ ಗುಣಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಇದನ್ನು ಅವಳಿಗೆ ಬರೆಯಬೇಡ. ಅಂಚೆಕಚೇರಿಯಲ್ಲಿ ನಿಜಾಮರ ಮುದ್ರೆ ಹೋಗಿ ಹೊಸ ಮುದ್ರೆ ಬಂದಿದೆ. ಪೋಸ್ಟ್ ಮಾಸ್ಟರ್ ಹುಸೇನ ಮಾತ್ರ ಮೊದಲಿನಂತೆಯೇ ಪತ್ರವನ್ನು ಬೆಳಕಿಗೆ ಹಿಡಿದು ನೋಡಿಯೇ ಚೀಲಕ್ಕೆ ಹಾಕುತ್ತಾನೆ.

ಈಗ ಮುಖ್ಯ ವಿಷಯ. ಸೋಲಾಪುರದ ಕೋರ್ಟಿನಲ್ಲಿ ಕಳೆದ ವಾರ ತೀರ್ಪು ಬಂದಿತು. ನಾವು ಗೆದ್ದೆವು. ಕಾಲು ಕಳೆದುಕೊಂಡ ಸೂಗಮ್ಮನಿಗೆ ವಿಮಾ ಕಂಪನಿಯೇ ಪರಿಹಾರ ಕೊಡಬೇಕು. ಅದಕ್ಕಿಂತ ನನಗೆ ಮುಖ್ಯವಾದದ್ದು ಇನ್ನೊಂದಿದೆ. ನಿನ್ನ ಅಣ್ಣ ಉತ್ತಮನು ಆ ಮೋಟಾರನ್ನು ಪರರಾಜ್ಯದಲ್ಲಿ ಒಡೆಯರ ಅನುಮತಿಯಿಂದಲೇ ನಡೆಸುತ್ತಿದ್ದನೆಂದು ನ್ಯಾಯಾಧೀಶರು ಸ್ಪಷ್ಟವಾದ ಶಬ್ದಗಳಲ್ಲಿ ಬರೆದಿದ್ದಾರೆ. ಇನ್ನು ಸೋಲಾಪುರದಲ್ಲಿ ನಿನ್ನ ಅತ್ತೆಯವರ ಬಂಧುಗಳು ಯಾರಾದರೂ ‘ಮೋಟಾರು ಕದ್ದು ಸತ್ತ ಹುಡುಗ’ ಎಂದು ಆಡಿಕೊಂಡರೆ ತೀರ್ಪಿನ ನಕಲನ್ನು ಅವರ ಮುಂದೆ ಹಿಡಿ. ನಕಲನ್ನು ಇದರೊಡನೆ ಇಟ್ಟಿದ್ದೇನೆ.

ನೀನು ಬರೆದ ವಾಕ್ಯವನ್ನು ಇಲ್ಲಿ ನಿನ್ನ ಮಾತಿನಲ್ಲಿಯೇ ತಿರುಗಿ ಬರೆಯುತ್ತೇನೆ, ಏಕೆಂದರೆ ಎದುರಾಳಿಯ ಮಾತನ್ನು ಬದಲಿಸಿ ಉತ್ತರ ಕೊಡುವುದು ಹೇಡಿತನ: “ಜಲಾಲ ಕಾಕಾ ಒಂದs ಮಾತು ‘ಹೌದು, ನಾನs ಕೊಟ್ಟೆ’ ಅಂದಿದ್ರ ಅಣ್ಣನ ಹೆಸರು ಉಳೀತಿತ್ತು. ತಮ್ಮ ತಲೀ ತಪ್ಪಿಸಿಕೊಳ್ಳಾಕ ‘ಇಲ್ಲ’ ಅಂದ್ರು. ಅಂಥವರ ಮನಿಗೆ ನೀವು ಇನ್ನೂ ಹ್ಯಾಂಗ ಹೋಗತೀರಿ, ಅಪ್ಪಾ?”

ಹೇಗೆ ಹೋಗುತ್ತೇನೆಂದು ಹೇಳುತ್ತೇನೆ. ನಿನಗೆ ತಿಳಿದದ್ದರಿಂದಲೇ ತೊಡಗುತ್ತೇನೆ. ಕಾಣದೆ ಉಳಿದ ಕೊಂಡಿ ಯಾವುದೆಂದು ಆಗ ನಿನಗೇ ಕಾಣುವುದು.

ಸಾವಿರದ ಒಂಬೈನೂರ ನಲವತ್ತೇಳರ ನಾಗರಪಂಚಮಿ ನಿನ್ನ ಮದುವೆಯ ನಂತರದ ಮೊದಲನೆಯದು. ಆಗ ನೀನಿದ್ದ ಸೋಲಾಪುರದಿಂದ ನಿನ್ನನ್ನು ಕರೆತರುವುದು ಅಣ್ಣನ ಕರ್ತವ್ಯವಾಗಿತ್ತು. ಆದರೆ ಹಬ್ಬಕ್ಕೆ ಒಂದು ವಾರ ಮೊದಲು, ಆಗಸ್ಟ್ ಹದಿನೈದರಂದು, ಆ ಊರು ನಮಗೆ ಪರರಾಜ್ಯವಾಯಿತು. ನಾವು ನಿಜಾಮರ ಪ್ರಜೆಗಳಾಗಿ ಉಳಿದೆವು, ನೀನು ಸ್ವತಂತ್ರ ಹಿಂದುಸ್ತಾನದವಳಾದೆ. ನಳದುರ್ಗದಾಚೆಯ ನಾಕಾದಲ್ಲಿ ಎರಡು ಬಾವುಟಗಳು ಎದುರುಬದುರು ನಿಂತವು. ಗಡಿ ದಾಟುವ ಬಸ್ಸುಗಳ ಭರವಸೆ ಹೋಯಿತು. ಉತ್ತಮನು ಕಲ್ಯಾಣದಿಂದ ಹುಮನಾಬಾದಿಗೆ ಹೋಗಿ, ಅಡತಿ ಅಂಗಡಿಯ ಜಲಾಲುದ್ದೀನನ ಕರಿಯ ಮೋಟಾರನ್ನು ತೆಗೆದುಕೊಂಡು ಹೊರಟ. ಆ ಮೋಟಾರಿನಲ್ಲಿಯೇ ಅವನೂ ಜಲಾಲನ ಮಗ ಯುನೂಸನೂ ಒಟ್ಟಿಗೆ ನಡೆಸಲು ಕಲಿತವರು. ಆ ಹೊತ್ತಿಗೆ ಜಲಾಲನು ಧಾನ್ಯದ ಪೇಟೆಯಾದ ಗಂಜಿನಲ್ಲಿ ಹರಾಜಿನ ಗದ್ದಲದಲ್ಲಿದ್ದ, ಯುನೂಸನು ನಿರ್ಣಾದಲ್ಲಿದ್ದ. ಗಡಿ ದಾಟಿ ಸ್ವಲ್ಪ ದೂರದಲ್ಲಿ, ಮಳೆಯಲ್ಲಿ, ತಿರುವಿನಲ್ಲಿ, ಎದುರಿಗೆ ಮೇವು ಹೇರಿದ ಎತ್ತಿನ ಗಾಡಿ ಬಂತು. ಅದನ್ನು ಹೊಡೆಯುತ್ತಿದ್ದವಳು ಸೂಗಮ್ಮ, ಗಂಡನಿಲ್ಲದ ಹೆಂಗಸು. ಮುಂದಿನದು ನಿನಗೆ ತಿಳಿದೇ ಇದೆ.

ಸೂಗಮ್ಮನ ದಾವೆ ನ್ಯಾಯವಾದದ್ದು. ಮೋಟಾರಿನ ಒಡೆಯನಾದ ಜಲಾಲನ ಮೇಲೆಯೂ, ಚಾಲಕನ ವಾರಸುದಾರನಾದ ನನ್ನ ಮೇಲೆಯೂ ಅವಳು ದಾವೆ ಹೂಡಿದಳು. ನನ್ನ ಪರ ವಕೀಲಿಯನ್ನು ನಾನೇ ವಹಿಸಿಕೊಂಡೆ. ತಿರುವಿನಲ್ಲಿ ವೇಗ ಹೆಚ್ಚಾಗಿತ್ತೆಂಬುದನ್ನು ನಾನು ಮೊದಲ ದಿನವೇ ಒಪ್ಪಿಕೊಂಡೆ. ಉಳಿದ ಪ್ರಶ್ನೆ ಒಂದೇ: ವಿಮೆ ಇದಕ್ಕೆ ಅನ್ವಯಿಸುತ್ತದೆಯೇ?

ಜಲಾಲನು ತೊಗರಿಯ ವ್ಯಾಪಾರಕ್ಕಾಗಿ ಸೋಲಾಪುರಕ್ಕೆ ಓಡಾಡುವವನಾದ್ದರಿಂದ, ಗಡಿಯಾಚೆಗೂ ಸಲ್ಲುವಂತೆ ಮುಂಬಯಿಯ ಕಂಪನಿಯೊಂದರಲ್ಲಿ ವಿಮೆ ಇಳಿಸಿದ್ದ. ಆದರೆ ಅದರ ಷರತ್ತು ಹೀಗಿತ್ತು. ನಿಜಾಮರ ರಾಜ್ಯದೊಳಗೆ ಒಡೆಯನ ಬಂಧುಗಳು, ಸ್ನೇಹಿತರು ಯಾರು ನಡೆಸಿದರೂ ವಿಮೆಯುಂಟು. ರಾಜ್ಯದ ಹೊರಗಾದರೆ ಒಡೆಯನು ತಾನೇ ನಡೆಸಬೇಕು, ಇಲ್ಲವೇ ಅದೇ ಪ್ರಯಾಣಕ್ಕೆಂದು ಅನುಮತಿ ಪಡೆದವನು ನಡೆಸಬೇಕು. ಎರವಲು ಮೋಟಾರಿನಲ್ಲಿ ಪರರಾಜ್ಯಕ್ಕೆ ಹೋದವನಿಗೆ ಅನುಮತಿ ಇರದಿದ್ದರೆ ಕಂಪನಿ ಬಿಡಿಗಾಸನ್ನೂ ಕೊಡುವುದಿಲ್ಲ. ಅಷ್ಟೇ ಅಲ್ಲ, ಒಡೆಯನಿಗೂ ಹೊಣೆಯಿಲ್ಲ. ಎಲ್ಲ ಭಾರವೂ ಸತ್ತವನ ಮೇಲೆ, ಅವನ ಹೆಸರಿನ ಮೇಲೆ ಬೀಳುತ್ತದೆ. ನಿನ್ನ ಸಂಶಯ ಹುಟ್ಟಿದ್ದು ಇಲ್ಲಿಯೇ. ಆದ್ದರಿಂದ ಜಲಾಲನು ‘ಇಲ್ಲ’ ಎಂದದ್ದು ಹೇಗೆಂದು ಕೇಳು.

ಕಂಪನಿಯ ಇನ್ಸ್ಪೆಕ್ಟರ್ ಹುಮನಾಬಾದಿಗೆ ಬಂದ ದಿನ ನಾನು ಅಲ್ಲಿಯೇ ಇದ್ದೆ. ಜಲಾಲನ ದಿವಾನಖಾನೆಯಲ್ಲಿ ಚಹಾ ಬಂತು. ಇನ್ಸ್ಪೆಕ್ಟರು ವಿನಯದಿಂದಲೇ ಕೇಳಿದರು: “ಮೃತರು ನಿಮ್ಮನ್ನು ಕೇಳಿದ್ದರೇ?”

“ಏನ್ ಕೇಳೂದ್ರಿ?”

“ಮೋಟಾರನ್ನು ಗಡಿಯಾಚೆ ಒಯ್ಯಲು ಅನುಮತಿ.”

ಜಲಾಲನ ಮುಖ ಕೆಂಪಾಯಿತು. “ಅಲ್ರಿ ಸಾಹೇಬ್ರ, ಅಂವಾ ಯಾಕ ಕೇಳಬೇಕು? ಅಂವಗೇನು ಇದು ಮಂದೀ ಮನಿ ಏನ್ರಿ? ಅನುಮತಿ ಅಂತ, ಅನುಮತಿ! ನಾಳೆ ನೀವು ಬಲಗೈ ಊಟಾ ಮಾಡಾಕ ಎಡಗೈನ ಇಜಾಜತ್ ತಗೊಂಡಿತ್ತೇನು ಅಂತ ಕೇಳತೀರಿ!”

“ಹಾಗಾದರೆ ಕೇಳಿರಲಿಲ್ಲ.”

“ಕೇಳಿದ್ದಾ ಅಂದ್ರ ನಾ ಅಂವನ ಕಿವಿ ಹಿಂಡತಿದ್ದೆ. ಬರ್ಕೋರಿ!”

ಅವರು ಬರೆದುಕೊಂಡರು: ಅನುಮತಿ ಕೇಳಿಲ್ಲ, ಕೊಟ್ಟಿಲ್ಲ. ಜಲಾಲನು ಅದರ ಕೆಳಗೆ ಉರ್ದುವಿನಲ್ಲಿ ದೊಡ್ಡದಾಗಿ ಸಹಿ ಮಾಡಿ, ಇನ್ಸ್ಪೆಕ್ಟರನ್ನು ಬಸ್ಸಿನವರೆಗೆ ಕಳಿಸಿ ಬಂದು, “ನೋಡಿದ್ಯಾ, ಹ್ಯಾಂಗ ಹೇಳಿದೆ!” ಎಂದು ಎದೆಯುಬ್ಬಿಸಿ ಕುಳಿತ. ಉತ್ತಮನ ಮಾನವನ್ನು ಕಾಪಾಡಿದೆನೆಂದೇ ಅವನು ನಂಬಿದ್ದ. ತಾನು ಹೇಳಿದ್ದರ ಪರಿಣಾಮವೇನೆಂದು ನಾನು ವಿವರಿಸಿದಾಗ ಆ ಎದೆ ಇಳಿದ ಬಗೆಯನ್ನು ನೀನು ನೋಡಿದ್ದರೆ ಆ ವಾಕ್ಯವನ್ನು ಬರೆಯುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಅವನು ಕಲ್ಯಾಣಕ್ಕೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ. ಒಳಗೆ ಕರೆದರೂ ಬರಲಿಲ್ಲ.

“ದೇವಿದಾಸ, ನೀ ಹೇಳಂದ್ರ ಹೇಳತೀನಿ. ಕೋರ್ಟಿನಾಗ ಹಲಫ್ ತಗೊಂಡು ಹೇಳತೀನಿ, ಅಂವಾ ಕೇಳಿದಾ, ನಾ ಕೊಟ್ಟೆ ಅಂತ. ಖುದಾನ ಮುಂದ ನಾ ಜವಾಬು ಕೊಡತೀನಿ, ನೀ ಚಿಂತೀ ಮಾಡಬ್ಯಾಡ.”

“ಬ್ಯಾಡ,” ಎಂದೆ. “ಸುಳ್ಳು ಹೇಳಿ ಗೆದ್ರ ಆ ಗೆಲುವು ನಿಂದು ಆಗತದ, ಉತ್ತಮಂದಲ್ಲ.”

“ಮತ್ತ ಖರೇ ಹೇಳಿದ್ರ ಸೋಲತೀವಲ್ಲೋ!”

“ಖರೇ ಹೇಳೇ ಗೆಲ್ಲೂಣು.”

“ಕಾಲೇಜಿನಾಗೂ ಹಿಂಗs ಅಂತಿದ್ದಿ. ಅಲ್ಲಿ ಸೋತ್ರ ಬರೇ ಒಂದು ಬೆಳ್ಳೀ ಕಪ್ಪು ಹೋಗತಿತ್ತು.”

ಹೈದರಾಬಾದಿನ ಆ ಕಾಲೇಜಿನಲ್ಲಿ ನಾನು ಚರ್ಚೆಗೆ ನಿಂತಾಗಲೆಲ್ಲ ಮೊದಲ ಸಾಲಿನಲ್ಲಿ ಕುಳಿತು ಎದುರು ಪಕ್ಷದವರನ್ನು ಆಕಳಿಸಿಯೇ ಕಂಗೆಡಿಸುತ್ತಿದ್ದವನು ಇದೇ ಜಲಾಲ. ನನ್ನ ಗೆಲುವುಗಳಲ್ಲಿ ಅರ್ಧ ಅವನ ಆಕಳಿಕೆಯವು. ಆ ದಿನ ಮಾತ್ರ ಅವನು ಕಟ್ಟೆಯ ಮೇಲೆ ತಲೆತಗ್ಗಿಸಿ ಅತ್ತ. ಅದರ ಮೇಲೂ ನನ್ನ ಮಾತನ್ನು ನಾನು ಬದಲಿಸಲಿಲ್ಲ.

ಮುಂದಿನ ವರ್ಷ ದಾವೆ ಮುಂದುವರಿಯಲಿಲ್ಲ. ದಾರಿಗಳು ಕಟ್ಟಿದ್ದವು, ಮನಸ್ಸುಗಳೂ ಕಟ್ಟಿದ್ದವು. ನಲವತ್ತೆಂಟರ ಭಾದ್ರಪದದಲ್ಲಿ ಸೈನ್ಯ ಬಂದು ರಾಜ್ಯ ಕೈಬದಲಾದಾಗ ನಮ್ಮ ಸೀಮೆಯಲ್ಲಿ ನಡೆದದ್ದನ್ನು ಪತ್ರದಲ್ಲಿ ಬರೆಯುವ ಮನಸ್ಸಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇನೆ. ಒಂದು ಮುಂಜಾನೆ ಜಲಾಲ, ಅವನ ಹೆಂಡತಿ ಹಜಿರಾ ಬೀ, ಯುನೂಸ್ ಮೂವರೂ ಮುಚ್ಚಿದ ಚಕ್ಕಡಿಯಲ್ಲಿ ನಮ್ಮ ಮನೆಗೆ ಬಂದರು. ಬರಲೇ ಎಂದು ಹೇಳಿ ಕಳಿಸಿರಲಿಲ್ಲ. ಬಂದರು, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕುಳಿತರು, ನಿನ್ನ ತಾಯಿ ಒಲೆಯ ಮೇಲೆ ಹೆಚ್ಚು ಅಕ್ಕಿ ಇಟ್ಟಳು. ನಾನು ಬಾಗಿಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ಕೇಳಲು ಬಂದವರಿಗೆ ನಾನು ಕೊಟ್ಟ ಉತ್ತರಗಳು ನನ್ನ ಜೀವಮಾನದ ಅತ್ಯುತ್ತಮ ಭಾಷಣಗಳೆಂದು ನಿನ್ನ ತಾಯಿ ಇಂದಿಗೂ ಹೇಳುತ್ತಾಳೆ. ಯಾರೂ ಒಳಗೆ ಬರಲಿಲ್ಲ.

ಶಾಂತಿ ಮರಳಿದ ಮೇಲೆ ದಾವೆ ಮತ್ತೆ ಎದ್ದಿತು. ಇಷ್ಟರಲ್ಲಿ ಆ ಪರರಾಜ್ಯವೇ ಇಲ್ಲವಾಗಿತ್ತು. ಆದರೆ ಅಪಘಾತದ ದಿನ ಅದು ಇತ್ತೆಂಬುದೇ ಕಂಪನಿಯ ವಾದ, ಮತ್ತು ಆ ವಾದ ಕಾನೂನಿನಲ್ಲಿ ಸರಿ. ನಾನು ಅದನ್ನು ಪ್ರಶ್ನಿಸಲಿಲ್ಲ.

ಸೂಗಮ್ಮ ಊರುಗೋಲು ಹಿಡಿದು ಸಾಕ್ಷಿಕಟ್ಟೆ ಏರಿದಳು. ತನಗೆ ಪರಿಹಾರ ಬೇಕೆಂದು ಬಂದವಳು ನನ್ನ ಮಗನ ಬಗ್ಗೆ ಹೇಳಿದ್ದನ್ನು ನೀನು ಕೇಳಬೇಕಿತ್ತು: “ಮೋಟಾರ ನನ್ನ ಮ್ಯಾಲೇ ಬರಾಕತ್ತಿತ್ರಿ. ನಾ ಕಣ್ಣ ಮುಚ್ಚಿಬಿಟ್ಟೆ. ತೆರದ್ರ ಆ ಹುಡುಗ ತಿರುವಿಕೊಂಡು ಬೇವಿನ ಗಿಡಕ್ಕ ಹೊಡದಿದ್ದಾ. ಎತ್ತು ಬೆದರಿ ಗಾಡಿ ಮಗಚಿ ನನ್ನ ಕಾಲ ಹೋತು. ಕಾಲ ಹೋದದ್ದು ಖರೇನರಿ, ಜೀಂವಾ ಮಾತ್ರ ಅಂವಾ ಉಳಿಸಿ ಹೋದದ್ದು.” ಮಗಳೇ, ಆ ದಿನ ಕೋರ್ಟಿನಿಂದ ನಾನು ತಲೆಯೆತ್ತಿ ನಡೆದು ಬಂದೆ. ಎರಡು ದಾರಿಗಳಲ್ಲಿ ತನಗೆ ಕೇಡಾಗುವ ದಾರಿಯನ್ನು ಕಣ್ಣೆವೆ ಹೊಡೆಯುವಷ್ಟರಲ್ಲಿ ಆರಿಸಿಕೊಂಡವನು ನನ್ನ ಮಗ. ಅಂಥವನಿಗೆ ಕಳ್ಳನೆಂಬ ಹೆಸರು ಉಳಿಯಗೊಡುವುದಿಲ್ಲವೆಂದು ಅಲ್ಲಿಯೇ ನಿಶ್ಚಯಿಸಿದೆ.

ಜಲಾಲನೂ ಸಾಕ್ಷಿ ನುಡಿದ. ಇನ್ಸ್ಪೆಕ್ಟರಿಗೆ ಹೇಳಿದ್ದನ್ನೇ, ಒಂದಕ್ಷರ ಬದಲಿಸದೆ ಹೇಳಿದ. ನಾನು ಎದ್ದು, “ನಿಮ್ಮ ಮಗ ಯುನೂಸ್ ಮೋಟಾರು ಒಯ್ಯುವಾಗ ಕೇಳುತ್ತಾನೆಯೇ?” ಎಂದೆ.

“ಕೇಳೂದಿಲ್ರಿ, ವಕೀಲ ಸಾಹೇಬ್ರ.”

“ಅವನು ಕಳ್ಳನೇ?”

“ಪೆಟ್ರೋಲ್ ತುಂಬಸೂದಿಲ್ಲ. ಅಷ್ಟರ ಮಟ್ಟಿಗೆ ಹೌದ್ರಿ.”

ಕೋರ್ಟಿನಲ್ಲಿ ನಗೆಯೆದ್ದಿತು. ಆದರೆ ಕಂಪನಿಯ ವಕೀಲರು ಜಾಣರು. ಯುನೂಸ್ ಹೆತ್ತ ಮಗ, ಉತ್ತಮ ಪರಮನೆಯ, ಪರಧರ್ಮದ ಯುವಕ, ಇವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದರು. ಆ ಮಾತನ್ನು ನಾನು ಬರೆದುಕೊಂಡು ಕುಳಿತೆ. ತಮ್ಮ ಗೆಲುವನ್ನು ಪೂರ್ತಿಗೊಳಿಸಲು ಅವರು ಇನ್ನೊಂದು ಹೆಜ್ಜೆ ಇಟ್ಟರು. ಮೋಟಾರಿನ ಕೀಲಿ ಜಲಾಲನ ಮನೆಯಲ್ಲಿ ಪಡದೆಯ ಒಳಗೆ, ಅಡುಗೆಮನೆಯ ಗೋಡೆಯ ಗೂಟದಲ್ಲಿ ಇರುತ್ತಿತ್ತು. ಹೊರಗಿನವರು ಯಾರೇ ಬಂದರೂ ದಿವಾನಖಾನೆಯಲ್ಲಿ ನಿಲ್ಲಬೇಕು, ಕೀಲಿ ಒಳಗಿನಿಂದ ಬರಬೇಕು. ಹಾಗಾದರೆ ಉತ್ತಮನ ಕೈಗೆ ಕೀಲಿ ಬಂದದ್ದು ಹೇಗೆ? ಯಾರೂ ಕೊಡಲಿಲ್ಲವೆಂದಮೇಲೆ, ಗೋಷಾ ಮನೆಯೊಳಗೆ ಮರೆಯಾಗಿ ನುಗ್ಗಿಯೇ ತೆಗೆದಿರಬೇಕು. ಇದನ್ನು ಸಾಬೀತುಪಡಿಸಲು ಅವರು ಹಜಿರಾ ಬೀಯ ಸಾಕ್ಷಿ ಕೇಳಿದರು.

ಗೋಷಾದ ಹೆಂಗಸು ಕೋರ್ಟಿಗೆ ಬರುವಂತಿಲ್ಲ. ಆದ್ದರಿಂದ ಕೋರ್ಟಿನ ಕಮಿಷನರು ಕಾಗದ ಲೇಖನಿಯೊಡನೆ ಹುಮನಾಬಾದಿಗೆ ಬಂದು ದಿವಾನಖಾನೆಯಲ್ಲಿ ಕುಳಿತರು. ಪಡದೆಯ ಈಚೆಗೆ ನಾವೆಲ್ಲ, ಆಚೆಗೆ ಹಜಿರಾ ಬೀಯ ಧ್ವನಿ. ಅಲ್ಲಿಯವರೆಗೆ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಇನ್ಸ್ಪೆಕ್ಟರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಕಂಪನಿಯ ವಕೀಲರು ಮೃದುವಾಗಿ ಆರಂಭಿಸಿದರು: “ನೀವು ಗೋಷಾ ಪಾಲಿಸುವವರು. ಇಪ್ಪತ್ತು ದಾಟಿದ ಯುವಕನೊಬ್ಬ ಪಡದೆ ಸರಿಸಿ ಬಂದರೆ ನೀವು ಒಳಕೋಣೆಗೆ ಎದ್ದು ಹೋಗುತ್ತೀರಿ. ಆದ್ದರಿಂದ ಅವನು ಕೀಲಿ ತೆಗೆದದ್ದನ್ನು ನೀವು ಕಂಡಿರಲಾರಿರಿ.”

“ಯಾಕ ಎದ್ದು ಹೋಗಲಿ? ರೊಟ್ಟಿ ಮಾಡಾಕತ್ತಿದ್ದೆ. ಬಿಟ್ಟು ಎದ್ರ ಹೊತ್ತತದ.”

“ಅಂದರೆ ಅವನ ಮುಂದೆ ಗೋಷಾ ಇರಲಿಲ್ಲವೇ?”

ಚರ್ಚಾಪಟುವಾಗಿದ್ದವನು ಹೇಳುತ್ತೇನೆ, ಉತ್ತರ ತಿಳಿಯದ ಪ್ರಶ್ನೆಯನ್ನು ಎಂದಿಗೂ ಕೇಳಬಾರದು. ಅವರು ಕೇಳಿದರು.

“ಅಂವಗ ಎಂಥಾ ಗೋಷಾರಿ? ನನ್ನ ಎದೀ ಹಾಲು ಕುಡದಾನ ಅಂವಾ. ಅಂವನ ತಾಯಿ ಗಿರಿಜಾಬಾಯಿ ತವರಿಗೆ ಬಂದು ಇಲ್ಲೇ ಬಾಜೂಕ ಹಡದ್ರು. ಹಡದವರಿಗೆ ಜ್ವರಾ, ಕೂಸಿಗೆ ಹಾಲಿಲ್ಲ. ಯುನೂಸ ಆಗ ನನ್ನ ಮಡಿಲಾಗಿದ್ದಾ. ಒಂದ ಕಡೆ ಇಂವಾ, ಒಂದ ಕಡೆ ಅಂವಾ. ನಮ್ಮ ಮಜಹಬಿನಾಗ ಹಾಲು ಕುಡದವ ಹೊಟ್ಟೀ ಮಗನ ಹಂಗs. ಅಂವನ ಮುಂದ ಮುಖಾ ಮುಚ್ಚಿದ್ರ ಮಂದಿ ನಗತಾರ.”

ಕಮಿಷನರ ಲೇಖನಿ ಓಡುತ್ತಿತ್ತು. ನನ್ನದು ನಿಂತಿತ್ತು. ಉತ್ತಮನು ಅವರನ್ನು ‘ಅಮ್ಮೀ’ ಎನ್ನುತ್ತಿದ್ದುದು ಯುನೂಸನನ್ನು ನೋಡಿ ಕಲಿತ ರೂಢಿಯೆಂದು ನಾನು ತಿಳಿದಿದ್ದೆ. ಜಲಾಲನ ಕಡೆ ನೋಡಿದೆ. ಅವನು ನನ್ನ ಕಿವಿಯಲ್ಲಿ, “ನಿನಗ ಗೊತ್ತs ಇಲ್ಲೇನೋ?” ಎಂದ.

ವಕೀಲರು ಬಿಡಲಿಲ್ಲ. “ಹೋಗಲಿ. ಕೀಲಿಯನ್ನಾದರೂ ಕೇಳಿ ತೆಗೆದುಕೊಂಡನೇ?”

“ಇಲ್ರಿ. ಗೂಟದ ಮ್ಯಾಲಿನ ಕೀಲಿ ತಗೊಂಡಾ, ಹಂಚಿನ ಮ್ಯಾಲಿನ ರೊಟ್ಟಿನೂ ತಗೊಂಡಾ. ಅದನ್ನೂ ಕೇಳಲಿಲ್ಲ. ಬರ್ಕೋರಿ ಅದನ್ನೂ, ರೊಟ್ಟೀ ಕಳ್ಳ ಅಂತ.” ಅವರೇ ಮುಂದುವರಿಸಿದರು: “‘ಅಮ್ಮೀ, ಶಕೂನ್ನ ಕರ್ಯಾಕ ಸೋಲಾಪುರಕ್ಕ ಹೊಂಟೀನಿ’ ಅಂದಾ. ‘ಮಳೀ ಅದ, ಸಂಭಾಳಿಸಿ ಹೋಗು ಬೇಟಾ’ ಅಂದೆ. ಅಷ್ಟs.”

ಅಷ್ಟೇ ಸಾಕಾಗಿತ್ತು. ಎಲ್ಲಿಗೆ ಹೋಗುತ್ತಿದ್ದಾನೆಂದು ತಿಳಿದು, ಮನೆಯೊಡತಿ ‘ಹೋಗು’ ಎಂದಿದ್ದಳು. ಅದೇ ಪ್ರಯಾಣಕ್ಕೆ, ಗಡಿಯಾಚೆಯ ಅದೇ ಊರಿಗೆ. ಕೇಳದವನಿಗೆ ಕೊಟ್ಟ ಅನುಮತಿಯದು.

ಮನೆಗೆ ಬಂದು ನಿನ್ನ ತಾಯಿಯನ್ನು ವಿಚಾರಿಸಿದೆ. ಅವಳು ತೊಗರಿಯಲ್ಲಿ ಕಲ್ಲು ಆರಿಸುತ್ತ, ತಲೆಯೆತ್ತದೆ ಹೇಳಿದಳು: “ಹೌದು, ಕುಡಿಸಿದ್ರು. ಇಲ್ಲಂದ್ರ ಕೂಸು ಉಳೀತಿರಲಿಲ್ಲ. ಅತ್ತಿಯವರ ಮಡಿಗೆ ಅಂಜಿ ಬಾಯಿ ಬಿಡಲಿಲ್ಲ. ನೀವು ಹೈದರಾಬಾದಿನಾಗ ವಕೀಲಿ ಪರೀಕ್ಷಾಕ್ಕ ಓದಾಕತ್ತಿದ್ರಿ.”

“ಆಮ್ಯಾಲೆ ನನಗರ ಹೇಳಬೇಕಿತ್ತಲ್ಲ?”

“‘ಮಗಾ ಹ್ಯಾಂಗ ಅದಾನ’ ಅಂತ ಕೇಳಿ ಪತ್ರಾ ಹಾಕಿದ್ರಿ. ‘ಛಲೋ ಅದಾನ’ ಅಂತ ಬರಸಿದೆ. ಹ್ಯಾಂಗ ಛಲೋ ಆದಾ ಅಂತ ನೀವು ಕೇಳಲಿಲ್ಲ.”

ನಾನು ಅವಳ ಎದುರು ಕುಳಿತು ಕಲ್ಲು ಆರಿಸತೊಡಗಿದೆ.

ಕೊನೆಯ ವಾದವನ್ನು ನಾನೇ ಮಾಡಿದೆ, ವಕೀಲನಾಗಿ ಅಲ್ಲ, ಸತ್ತವನ ತಂದೆಯಾಗಿ. ನಿನಗೆ ತಿಳಿದಿರಲೆಂದು ಅದರ ಸಾರವನ್ನು ಬರೆಯುತ್ತೇನೆ: “ಕಂಪನಿಯು ದೇಶದ ಗಡಿಯನ್ನು ತೋರಿಸುತ್ತಿದೆ. ಆ ಗಡಿ ಅಪಘಾತಕ್ಕೆ ಒಂದು ವಾರ ಮೊದಲು ಹುಟ್ಟಿ ಒಂದು ವರ್ಷದಲ್ಲಿ ಅಳಿಯಿತು. ಅದಕ್ಕಿಂತ ಹಳೆಯ ಗಡಿಯೊಂದು ಹುಮನಾಬಾದಿನ ಆ ಮನೆಯಲ್ಲಿ ಪಡದೆಯ ರೂಪದಲ್ಲಿ ತೂಗುತ್ತಿದೆ. ಯಾರು ಹೊರಗಿನವರು, ಯಾರು ಒಳಗಿನವರು ಎಂಬುದನ್ನು ಅದು ಪ್ರತಿದಿನ ತೀರ್ಮಾನಿಸುತ್ತದೆ. ಎರವಲು ಪಡೆಯುವವನು ಆ ಪಡದೆಯ ಈಚೆ ನಿಂತು ಕೇಳುತ್ತಾನೆ. ಈ ಹುಡುಗನು ಅದನ್ನು ದಾಟಿ ಹೋದ. ಒಲೆಯ ಮುಂದೆ ಕುಳಿತ ತಾಯಿ ಮೇಲೇಳಲಿಲ್ಲ. ಕೇಳಿ ತೆಗೆದುಕೊಳ್ಳುವವನು ಅತಿಥಿ, ಕೇಳದೆ ತೆಗೆದುಕೊಳ್ಳುವವನು ಮಗ. ಮಗನಿಗೆ ಆ ತಾಯಿ ಹೋಗೆಂದಳು. ಇದಕ್ಕಿಂತ ಮೇಲಾದ ಅನುಮತಿ ಯಾವ ಕಾಗದದಲ್ಲಿದೆ?”

ನ್ಯಾಯಾಧೀಶರು ಆ ಅತಿಥಿಯ ಮತ್ತು ಮಗನ ಮಾತನ್ನು ಹಾಗೆಯೇ ತೀರ್ಪಿನಲ್ಲಿ ಸೇರಿಸಿಕೊಂಡಿದ್ದಾರೆ. ನಕಲಿನ ಕೊನೆಯ ಪುಟದಲ್ಲಿ ನೋಡು. ಹೊರಗೆ ಬಂದಾಗ ಕಂಪನಿಯ ವಕೀಲರೇ ಕೈಕುಲುಕಿದರು. ಬೆಳ್ಳಿಯ ಕಪ್ಪುಗಳನ್ನು ಗೆದ್ದ ದಿನಗಳಲ್ಲಿಯೂ ನಾನು ಅಷ್ಟು ನೆಟ್ಟಗೆ ನಡೆದಿರಲಿಲ್ಲ.

ಈಗ ನೀನೇ ಹೇಳು. ಜಲಾಲನು ‘ಕೇಳಿದ, ಕೊಟ್ಟೆ’ ಎಂದು ಸುಳ್ಳು ಹೇಳಿದ್ದರೆ ವಿಮೆಯೇನೋ ಬರುತ್ತಿತ್ತು; ಉತ್ತಮನು ಆ ಮನೆಯಲ್ಲಿ ಎರವಲಿಗೆ ಬಂದು ನಿಂತವನಾಗುತ್ತಿದ್ದ. ಹೆಸರು ಕೆಟ್ಟರೂ ಅವನನ್ನು ಹೊರಗಿನವನೆಂದು ಹೇಳಲಾರದೆ ಹೋದ ಮನುಷ್ಯನ ಮನೆಗೆ ನಾನು ಹೋಗದೆ ಮತ್ತೆಲ್ಲಿಗೆ ಹೋಗಲಿ?

ಹುಮನಾಬಾದ್
ಮಂಗಳವಾರ, ೧೪ ಫೆಬ್ರುವರಿ

ಪತ್ರವನ್ನು ಮುಚ್ಚುವ ಮೊದಲು ಸುದ್ದಿ ಹೇಳಲೆಂದು ಇಲ್ಲಿಗೆ ಬಂದೆ. ಜಲಾಲನ ದಿವಾನಖಾನೆಯಲ್ಲಿ ಕುಳಿತು ಮುಂದುವರಿಸುತ್ತಿದ್ದೇನೆ. ತೀರ್ಪನ್ನು ಕನ್ನಡದಲ್ಲಿ ಬಿಡಿಸಿ ಓದಿ ಹೇಳಿದೆ. ಜಲಾಲನು ಕಣ್ಣು ಮುಚ್ಚಿ ಕೇಳಿ, “ಇನ್ನೊಮ್ಮೆ ಓದು, ಆ ಮಗನ ಮಾತು,” ಎಂದ. ಓದಿದೆ. ಪಡದೆಯ ಆಚೆ ಬಳೆಗಳ ಸದ್ದು ಒಮ್ಮೆ ಆಗಿ ನಿಂತಿತು. ಸ್ವಲ್ಪ ಹೊತ್ತಿಗೆ ಚಹಾ ಬಂತು, ಅದರೊಡನೆ ಬಿಸಿರೊಟ್ಟಿಯೂ ಬಂತು. ಈ ಮನೆಯಲ್ಲಿ ಚಹಾ ಬಿಟ್ಟು ಬೇರೇನನ್ನೂ ನಾನು ಮುಟ್ಟಿದವನಲ್ಲ. ಇಂದು ತಿಂದೆ. ನಿನ್ನ ಅಜ್ಜಿ ಇದ್ದಿದ್ದರೆ ನನ್ನನ್ನು ಬಚ್ಚಲಿನಿಂದ ಹೊರಗೆ ಬಿಡುತ್ತಿರಲಿಲ್ಲ.

ಮೋಟಾರು ಗುಜರಿಗೆ ಹೋಯಿತು. ಕೀಲಿ ಮಾತ್ರ ಪೊಲೀಸರಿಂದ ತಿರುಗಿ ಬಂದು ಅದೇ ಗೂಟದಲ್ಲಿದೆಯಂತೆ. ಆ ಗೂಟವನ್ನು ನಾನು ಈವರೆಗೆ ಕಂಡಿಲ್ಲ. ಅದು ಪಡದೆಯ ಒಳಗಿದೆ.

ನಾನು ಬರೆಯುವುದನ್ನು ನೋಡಿ ಜಲಾಲನು ಮೇಲೆ ಬಿದ್ದು ಬರೆಸುತ್ತಿದ್ದಾನೆ: “ಬರಿ ಅಕೀಗೆ. ಕಾಕಾಗ ಸಿಟ್ಟಿಲ್ಲ ಅಂತ ಬರಿ. ಅಣ್ಣನ ಸಲುವಾಗಿ ಜಗಳಾಡಲಿಲ್ಲಂದ್ರ ಅಕೀ ಎಂಥಾ ತಂಗಿ? ಮತ್ತ ಇದನ್ನೂ ಬರಿ. ಮೂರು ಪಂಚಮಿ ಅಕೀ ತವರಿಗೆ ಬರಲಿಲ್ಲ. ಈ ಪಂಚಮಿಗೆ ಯುನೂಸ ಬೆಳಗಾವಿಗೆ ಬರತಾನ ಕರ್ಯಾಕ. ಬರಲೇನು ಅಂತ ಕೇಳೂದಿಲ್ಲ. ಬರತಾನ. ಗಂಟು ಕಟ್ಟಿಟ್ಟಿರು ಅನ್ನು.”

ಅವನು ಹೇಳಿದಂತೆಯೇ ಬರೆದಿದ್ದೇನೆ. ಅಣ್ಣನು ನಿನಗಾಗಿ ಹೊರಟನೆಂಬ ಭಾರವನ್ನು ನೀನು ಹೊತ್ತು ತಿರುಗುತ್ತಿರುವುದನ್ನು ನಾನು ಬಲ್ಲೆ. ಆ ಸಿಟ್ಟನ್ನು ಕಾಕಾನ ತಲೆಯ ಮೇಲೆ ಇಳಿಸಿದ್ದೂ ಅದಕ್ಕಾಗಿಯೇ. ಇಳಿಸು, ಆದರೆ ಅಲ್ಲಿ ಅಲ್ಲ. ಉತ್ತಮನು ಸಂತೋಷದಿಂದ, ಬಾಯಲ್ಲಿ ರೊಟ್ಟಿಯಿಟ್ಟುಕೊಂಡು ಹೊರಟವನು. ತಂಗಿಯನ್ನು ಕರೆತರಲು ಹೊರಟವನಿಗೆ ಅದು ಭಾರವಾಗಿರಲಿಲ್ಲ. ಯುನೂಸ್ ಬಂದಾಗ ಮರುಮಾತಿಲ್ಲದೆ ಹೊರಡು.

ಅಳಿಯಂದಿರಿಗೆ ನನ್ನ ನಮಸ್ಕಾರ, ಮಗುವಿಗೆ ಮುತ್ತು. ನಿನ್ನ ಮನೆಯ ದೀಪ ಸದಾ ಉರಿಯುತ್ತಿರಲಿ, ನಿನ್ನ ಮಾತು ಈಗಿರುವಷ್ಟೇ ನೇರವಾಗಿರಲಿ.

ನಿನ್ನ ತಂದೆ,
ದೇವಿದಾಸ

ತಾ.ಕ.: ಆ ದಿನ ಬೆಳಿಗ್ಗೆ ಉತ್ತಮನು ಕಲ್ಯಾಣದಿಂದ ಹೊರಡುವ ಮುನ್ನ ನನ್ನ ಕಚೇರಿಕೋಣೆಯ ಬಾಗಿಲಿಗೆ ಬಂದ. ಹೊಸ್ತಿಲಿನ ಹೊರಗೆ ನಿಂತ. “ಅಪ್ಪಾ, ಶಕೂನ್ನ ಕರ್ಯಾಕ ಹೋಗಲೇನ್ರಿ?” ಎಂದು ಕೇಳಿದ. ಹೋಗೆಂದೆ. ಹೊರಗೆ ಮಳೆಯಿತ್ತು. ಅವನ ಕೈಗೆಟುಕುವಲ್ಲಿಯೇ, ಪಡಸಾಲೆಯ ಗೂಟದಲ್ಲಿ ನನ್ನ ಕೊಡೆಯಿತ್ತು. “ನಿಮ್ಮ ಕೊಡಿ ತಗೊಳ್ಳಲೇನ್ರಿ?” ಎಂದು ಅದನ್ನೂ ಕೇಳಿದ. ತಗೋ ಎಂದೆ. ನಮ್ಮ ಮನೆಯಲ್ಲಿ ಅವನು ಹುಟ್ಟಿದಂದಿನಿಂದ ಕೇಳದೆ ಮುಟ್ಟಿದ ವಸ್ತು ಯಾವುದೆಂದು ಕೋರ್ಟಿನಿಂದ ಬಂದಾಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಒಂದೂ ಸಿಕ್ಕಿಲ್ಲ. ನಿನಗೆ ನೆನಪಿದ್ದರೆ ಬರೆ. ಕೇಳುವವನು ಅತಿಥಿ ಎಂದು ನಾನೇ ವಾದಿಸಿ, ನಾನೇ ಗೆದ್ದೆ. ಆ ವಕೀಲರು ಎಲ್ಲರಿಗೂ ಪಾಟೀಸವಾಲು ಮಾಡಿದರು, ನನಗೆ ಮಾತ್ರ ಮಾಡಲಿಲ್ಲ. ಕೇಳಿದ್ದರೆ, ಪ್ರಮಾಣ ಮಾಡಿ ನಿಜವನ್ನೇ ಹೇಳುತ್ತಿದ್ದೆ.